ಕೋಚ್ ಯಾರ ಪರ? ಸುರಪುರದ ‘ಅಪ್ಪಾ’ ಎತ್ತಿದ ಪ್ರಶ್ನೆ

ಯಾದಗಿರಿ: ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ‘ಕೋಚಿಂಗ್’ ಎಂದೊಡನೆ ಜನರ ಮನಸ್ಸಿಗೆ ಬರುವುದು ನೀಟ್, ಕೆಎಎಸ್ ಅಥವಾ ಪೊಲೀಸ್ ನೇಮಕಾತಿ ಪರೀಕ್ಷೆಯ ತರಬೇತಿ. ಆದರೆ ಬೆಂಗಳೂರು, ಹೈದರಾಬಾದುಗಳ ಕಂಪನಿ ವಲಯದಲ್ಲಿ ಇದೇ ಪದಕ್ಕೆ ಬೇರೊಂದು ಅರ್ಥವಿದೆ. ಅಲ್ಲಿ ಕೋಚ್ ಪಾಠ ಹೇಳುವುದಿಲ್ಲ, ನೋಟ್ಸ್ ಕೊಡುವುದಿಲ್ಲ, ಸಲಹೆಯನ್ನೂ ಸುಲಭವಾಗಿ ನೀಡುವುದಿಲ್ಲ. ಪ್ರಶ್ನೆ ಕೇಳುತ್ತಾನೆ, ಉತ್ತರವನ್ನು ಗಮನವಿಟ್ಟು ಆಲಿಸುತ್ತಾನೆ. ನಿರ್ಧಾರ ಮಾತ್ರ ಎದುರು ಕುಳಿತವರದು.

‘ಲೈಫ್ ಕೋಚ್’, ‘ಕರಿಯರ್ ಕೋಚ್’, ‘ಎಕ್ಸಿಕ್ಯೂಟಿವ್ ಕೋಚ್’ ಎಂಬ ನಾನಾ ಹೆಸರುಗಳಲ್ಲಿ ಈ ವೃತ್ತಿ ಈಗ ಮೊಬೈಲ್ ಪರದೆಯ ಮೂಲಕ ಸಣ್ಣ ಊರುಗಳಿಗೂ ತಲುಪಿದೆ. ಒಬ್ಬರ ಬದುಕಿನ ನಿರ್ಧಾರಗಳ ಬಳಿಗೆ ಇನ್ನೊಬ್ಬರು ಹಣ ಪಡೆದು ಬರುವಾಗ ಅವರನ್ನು ಕಟ್ಟಿಹಾಕುವ ನೀತಿ ಯಾವುದು? ಆ ನೀತಿಗೆ ತತ್ವಶಾಸ್ತ್ರದ ಆಧಾರವೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ನೆರವಿಗೆ ಬರುವ ಒಂದು ಪ್ರಸಂಗ ಇದೇ ಜಿಲ್ಲೆಯ ಇತಿಹಾಸದಲ್ಲಿದೆ. ಅದು ಸುರಪುರದ ಬಾಲರಾಜ ಮತ್ತು ಅವರು ‘ಅಪ್ಪಾ’ ಎಂದು ಕರೆಯುತ್ತಿದ್ದ ಬ್ರಿಟಿಷ್ ಅಧಿಕಾರಿಯ ಕಥೆ.

ಪದ ಬಂದ ದಾರಿ

‘ಕೋಚ್’ ಎಂಬ ಪದದ ಮೂಲ ಹಂಗೇರಿಯ ಕೋಚ್ ಎಂಬ ಹಳ್ಳಿ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು, ಅದು ಯುರೋಪಿನ ಭಾಷೆಗಳಿಗೆ ಹರಡಿತು. 1830ರ ದಶಕದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಪರೀಕ್ಷೆಯ ದಡ ಮುಟ್ಟಿಸುವ ಖಾಸಗಿ ಶಿಕ್ಷಕನನ್ನು ತಮಾಷೆಯಾಗಿ ‘ಕೋಚ್’ ಎಂದು ಕರೆಯತೊಡಗಿದರು. ಅಲ್ಲಿಂದ ಪದ ಕ್ರೀಡಾಂಗಣಕ್ಕೆ ಹೋಯಿತು.

ಇಂದಿನ ಅರ್ಥ ಮೂಡಿದ್ದು ಟೆನಿಸ್ ಅಂಕಣದಲ್ಲಿ. ಅಮೆರಿಕದ ತಿಮೋತಿ ಗ್ಯಾಲ್ವೇ 1974ರಲ್ಲಿ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಎಂಬ ಪುಸ್ತಕ ಪ್ರಕಟಿಸಿದರು. ಆಟಗಾರನ ನಿಜವಾದ ಎದುರಾಳಿ ಬಲೆಯ ಆಚೆ ಬದಿಯಲ್ಲಿಲ್ಲ, ಅವನ ತಲೆಯೊಳಗೇ ಇದ್ದಾನೆ ಎಂಬುದು ಅವರ ವಾದ. ಹೆಚ್ಚು ಕಲಿಸುವುದಕ್ಕಿಂತ ಒಳಗಿನ ಅಡ್ಡಿಯನ್ನು ಕಡಿಮೆ ಮಾಡಿದರೆ ಸಾಮರ್ಥ್ಯ ತಾನಾಗಿ ಹೊರಬರುತ್ತದೆ ಎಂದು ಅವರು ಪ್ರತಿಪಾದಿಸಿದರು.

ಬ್ರಿಟನ್ನಿನ ಮಾಜಿ ಕಾರು ರೇಸ್ ಚಾಲಕ ಜಾನ್ ವಿಟ್ಮೋರ್ ಈ ಚಿಂತನೆಯನ್ನು ಕಚೇರಿಗಳಿಗೆ ತಂದರು. 1992ರಲ್ಲಿ ಬಂದ ಅವರ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಕೃತಿ ‘ಗ್ರೋ’ ಎಂಬ ಮಾದರಿಯನ್ನು ಜನಪ್ರಿಯಗೊಳಿಸಿತು. ಗುರಿ ಏನು, ಈಗಿನ ವಸ್ತುಸ್ಥಿತಿ ಏನು, ಯಾವ ದಾರಿಗಳಿವೆ, ಏನು ಮಾಡುವ ಸಂಕಲ್ಪವಿದೆ ಎಂಬ ನಾಲ್ಕು ಹಂತಗಳ ಪ್ರಶ್ನೆಗಳೇ ಈ ಮಾದರಿ. 1995ರಲ್ಲಿ ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಅವರ ಮುಂದಾಳತ್ವದಲ್ಲಿ ಅಂತರರಾಷ್ಟ್ರೀಯ ಕೋಚ್ ಒಕ್ಕೂಟ (ಐಸಿಎಫ್) ಹುಟ್ಟಿಕೊಂಡಿತು. ತನ್ನ ಸದಸ್ಯರಿಗೆ ಅದು ನೀತಿ ಸಂಹಿತೆಯೊಂದನ್ನು ರೂಪಿಸಿದೆ.

ತತ್ವದ ಬೇರುಗಳು

ವೃತ್ತಿ ಹೊಸದಾದರೂ ಅದರ ಬೇರುಗಳು ಹಳೆಯವು. ಮೊದಲ ಬೇರು ಗ್ರೀಸಿನ ಸಾಕ್ರಟೀಸ್. ಆತನ ತಾಯಿ ಸೂಲಗಿತ್ತಿ. ತಾನೂ ಅದೇ ಕೆಲಸ ಮಾಡುತ್ತಿದ್ದೇನೆ, ಆದರೆ ಹೆರಿಗೆ ಮಾಡಿಸುವುದು ಆಲೋಚನೆಗಳಿಗೆ ಎಂದು ಆತ ಹೇಳಿಕೊಂಡಂತೆ ಪ್ಲೇಟೊ ಚಿತ್ರಿಸಿದ್ದಾನೆ. ಸೂಲಗಿತ್ತಿ ಮಗುವನ್ನು ತಾನು ಹೆರುವುದಿಲ್ಲ, ಹೆರುವವಳಿಗೆ ನೆರವಾಗುತ್ತಾಳೆ. ಕೋಚ್ ಪ್ರಶ್ನೆ ಕೇಳುವುದರ ಹಿಂದಿನ ತರ್ಕವೂ ಇದೇ.

ಎರಡನೆಯದು ಅರಿಸ್ಟಾಟಲ್. ಒಳ್ಳೆಯ ಬದುಕೆಂದರೆ ಕ್ಷಣಿಕ ಸುಖವಲ್ಲ, ತನ್ನ ಸಾಮರ್ಥ್ಯವನ್ನು ವಿವೇಕದಿಂದ ಬಳಸುತ್ತ ಅರಳುವುದು ಎಂದ ಆತ, ಆ ವಿವೇಕ ಅಭ್ಯಾಸದಿಂದ ಬರುತ್ತದೆಂದು ವಿವರಿಸಿದ. ಮೂರನೆಯದು ಜರ್ಮನಿಯ ಇಮ್ಯಾನುಯಲ್ ಕಾಂಟ್. ಯಾವ ಮನುಷ್ಯನನ್ನೂ ಇನ್ನೊಂದು ಉದ್ದೇಶದ ಸಾಧನವಾಗಿ ಮಾತ್ರ ಬಳಸಕೂಡದು ಎಂಬ ಆತನ ನಿಯಮ ಕೋಚಿಂಗ್ ನೀತಿಯ ತಳಪಾಯದಲ್ಲಿದೆ. ಕೋಚ್‌ನ ಆದಾಯಕ್ಕಾಗಲೀ, ಹಣ ಕೊಡುವ ಕಂಪನಿಯ ಲೆಕ್ಕಾಚಾರಕ್ಕಾಗಲೀ ಎದುರಿನ ವ್ಯಕ್ತಿ ಬರೀ ಉಪಕರಣವಾಗಬಾರದು.

ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಈ ವಿಚಾರಗಳಿಗೆ ಮತ್ತೊಂದನ್ನು ಸೇರಿಸಿದರು. ನೆರವು ಕೋರಿ ಬಂದ ವ್ಯಕ್ತಿಯಲ್ಲೇ ಬೆಳೆಯುವ ಶಕ್ತಿ ಇದೆ, ಅವನನ್ನು ತೀರ್ಪಿಲ್ಲದೆ ಒಪ್ಪಿಕೊಂಡು ಪ್ರಾಮಾಣಿಕವಾಗಿ ಆಲಿಸಿದರೆ ಆ ಶಕ್ತಿ ಕೆಲಸ ಮಾಡುತ್ತದೆ ಎಂಬುದು 1951ರಲ್ಲಿ ಪ್ರಕಟವಾದ ಅವರ ಕೃತಿಯ ತಿರುಳು. ‘ರೋಗಿ’ ಎಂಬ ಪದದ ಬದಲು ‘ಕ್ಲೈಂಟ್’ ಎಂಬ ಪದವನ್ನು ಅವರು ಬಳಸಿದರು. ಕೋಚ್‌ಗಳು ಅದನ್ನೇ ಮುಂದುವರಿಸಿದ್ದಾರೆ.

ಕನ್ನಡಿಗರಿಗೆ ಈ ಚಿಂತನೆ ಸಂಪೂರ್ಣ ಅಪರಿಚಿತವಲ್ಲ. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧ. ವಚನ ಪರಂಪರೆ ಅರಿವನ್ನು ಹೊರಗಿನಿಂದ ತುಂಬುವ ವಸ್ತುವೆಂದು ಬಗೆಯದೆ, ಒಳಗೆ ಎಚ್ಚರಗೊಳ್ಳಬೇಕಾದದ್ದೆಂದು ಕಂಡಿತು. ಅದನ್ನು ಸಂವಾದದಲ್ಲಿ ಒರೆಗೆ ಹಚ್ಚಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಗುರು-ಶಿಷ್ಯ ಸಂಬಂಧದಲ್ಲಿ ಶ್ರದ್ಧೆ, ಶರಣಾಗತಿಗಳಿಗೆ ಸ್ಥಾನವಿದೆ. ಕೋಚಿಂಗ್ ಇಬ್ಬರು ಸಮಾನರ ನಡುವಿನ ಒಪ್ಪಂದ. ‘ನನ್ನನ್ನು ನಂಬು, ಪ್ರಶ್ನಿಸಬೇಡ’ ಎನ್ನುವ ಕೋಚ್ ತನ್ನ ವೃತ್ತಿಯ ಮೊದಲ ಗೆರೆಯನ್ನೇ ದಾಟಿರುತ್ತಾನೆ.

ಸುರಪುರಕ್ಕೆ ಬಂದ ‘ಅಪ್ಪಾ’

ಈ ಗೆರೆ ಎಷ್ಟು ಸೂಕ್ಷ್ಮ ಎಂಬುದನ್ನು ತಿಳಿಯಲು ಸುರಪುರದ ಇತಿಹಾಸದತ್ತ ತಿರುಗಬೇಕು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ಹರೆಯದಲ್ಲಿ ಭಾರತಕ್ಕೆ ಬಂದು, ಹೈದರಾಬಾದ್ ನಿಜಾಮನ ಸೇನೆ ಸೇರಿದ. 1839ರಲ್ಲಿ ಪ್ರಕಟವಾದ ಥಗ್ಗರ ಕುರಿತ ಕಾದಂಬರಿ ಆತನಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತು. 1841ರಲ್ಲಿ ಬ್ರಿಟಿಷರು ‘ಶೋರಾಪುರ’ ಎಂದು ಬರೆಯುತ್ತಿದ್ದ ಸುರಪುರಕ್ಕೆ ಆತನನ್ನು ಕಳುಹಿಸಲಾಯಿತು.

ಬೇಡ ನಾಯಕರ ಈ ಸಂಸ್ಥಾನ ಆಗ ಸಾಲ ಮತ್ತು ಒಳಜಗಳಗಳಲ್ಲಿ ಸಿಲುಕಿತ್ತು. ದೊರೆ ಕೃಷ್ಣಪ್ಪನಾಯಕರ ಬಳಿಕ ಉತ್ತರಾಧಿಕಾರಿಯಾಗಿ ಉಳಿದದ್ದು ಎಳೆಯ ಬಾಲಕ ವೆಂಕಟಪ್ಪನಾಯಕ. ತಾಯಿ ರಾಣಿ ಈಶ್ವರಮ್ಮ ಮತ್ತು ಬಂಧುಗಳ ನಡುವೆ ಅಧಿಕಾರದ ಎಳೆದಾಟ ನಡೆದಿತ್ತು. ಪೊಲಿಟಿಕಲ್ ಏಜೆಂಟನಾಗಿ ಟೇಲರ್ ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡ. ಬಾಲರಾಜನ ಶಿಕ್ಷಣದ ಹೊಣೆಯೂ ಆತನ ಮೇಲೆ ಬಿತ್ತು. ಬಾಲಕ ಆತನನ್ನು ‘ಅಪ್ಪಾ’ ಎಂದು ಕರೆಯತೊಡಗಿದ.

1853ರವರೆಗೆ ಟೇಲರ್ ಇಲ್ಲಿದ್ದ. ಕಂದಾಯ ವ್ಯವಸ್ಥೆ ಸರಿಪಡಿಸಿದ, ಕೆರೆಗಳ ಕೆಲಸ ಮಾಡಿಸಿದ. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಗೂ ಆತನ ಹೆಸರು ತಳಕು ಹಾಕಿಕೊಂಡಿದೆ. ಶಹಾಪುರ ಸಮೀಪದ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳನ್ನು ದಾಖಲಿಸಿದವನೂ ಆತನೇ. ಸುರಪುರದ ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆಯನ್ನು ಜನ ಈಗಲೂ ‘ಟೇಲರ್ ಮಂಜಿಲ್’ ಎನ್ನುತ್ತಾರೆ. 1853ರಲ್ಲಿ ಪ್ರಾಪ್ತ ವಯಸ್ಕರಾದ ರಾಜಾ ವೆಂಕಟಪ್ಪನಾಯಕರಿಗೆ ಆಡಳಿತ ಒಪ್ಪಿಸಿ ಆತ ನಳದುರ್ಗಕ್ಕೆ ವರ್ಗವಾದ.

ಐದೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1857ರ ಬಂಡಾಯದ ಕಿಡಿ ದಖನ್ನಿಗೂ ತಾಗಿತು. ರಾಜರ ಚಟುವಟಿಕೆಗಳ ಮೇಲೆ ಶಂಕೆಗೊಂಡ ಬ್ರಿಟಿಷರು ಕ್ಯಾಪ್ಟನ್ ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಕಳುಹಿಸಿದರು. 1858ರ ಫೆಬ್ರುವರಿಯಲ್ಲಿ ಆತನ ಶಿಬಿರದ ಮೇಲೆ ಬೇಡರ ಪಡೆ ಎರಗಿತು. ನಂತರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಸುರಪುರ ಬ್ರಿಟಿಷರ ವಶವಾಯಿತು. ಹೈದರಾಬಾದಿಗೆ ತೆರಳಿದ ರಾಜರು ಅಲ್ಲಿ ಸೆರೆ ಸಿಕ್ಕರು.

ಸೆರೆಮನೆಯ ಭೇಟಿ

ಸೆರೆಯಲ್ಲಿದ್ದ ರಾಜರನ್ನು ಟೇಲರ್ ಭೇಟಿಯಾದ. ಬಂಡಾಯಕ್ಕೆ ಪ್ರಚೋದಿಸಿದವರು ಯಾರು ಎಂದು ಆತ ವಿಚಾರಿಸಿದಾಗ, ಜೊತೆಗಾರರ ಹೆಸರು ಹೇಳಲು ರಾಜರು ಒಪ್ಪಲಿಲ್ಲ. ಪ್ರಾಣಭಿಕ್ಷೆ ಬೇಡಲೂ ಸಿದ್ಧರಿರಲಿಲ್ಲ. ಗಡೀಪಾರು, ಸೆರೆವಾಸಗಳಿಗಿಂತ ಸಾವೇ ಲೇಸೆಂಬುದು ಅವರ ನಿಲುವಾಗಿತ್ತು. ಇಷ್ಟನ್ನೂ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ರಾಜರಿಗೆ ವಿಧಿಸಿದ್ದ ಮರಣದಂಡನೆಯನ್ನು ಮೊದಲು ಜೀವಾವಧಿ ಗಡೀಪಾರಿಗೆ, ಬಳಿಕ ಗವರ್ನರ್ ಜನರಲ್ ಆದೇಶದಂತೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಸಲಾಯಿತು. ಆ ಪಯಣದಲ್ಲೇ ರಾಜರು ಗುಂಡೇಟಿನಿಂದ ಅಸುನೀಗಿದರು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವರೇ ಗುಂಡು ಹಾರಿಸಿಕೊಂಡರೆಂದು ಬ್ರಿಟಿಷ್ ದಾಖಲೆ ಹೇಳುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ಸುರಪುರದ ಜನಮನದಲ್ಲಿ ಅವರು ಸ್ವಾತಂತ್ರ್ಯ ಸಮರದ ಹುತಾತ್ಮ. 1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ವಹಿಸಿಕೊಟ್ಟರು.

ಎರಡು ದೋಣಿಯ ಮೇಲಿನ ಕಾಲು

ಟೇಲರ್ ಇಂದಿನ ಅರ್ಥದ ಕೋಚ್ ಆಗಿರಲಿಲ್ಲ ಎಂಬುದು ಸ್ಪಷ್ಟ. ಆತ ಪೋಷಕ, ಆಡಳಿತಗಾರ, ರಾಜಕೀಯ ಪ್ರತಿನಿಧಿ. ಆದರೂ ಒಬ್ಬರನ್ನು ಬೆಳೆಸುವ ಹೊಣೆ ಹೊತ್ತವರು ಎದುರಿಸುವ ಕಠಿಣ ಪ್ರಶ್ನೆಗಳು ಆತನ ಪ್ರಸಂಗದಲ್ಲಿ ಎದ್ದು ಕಾಣುತ್ತವೆ.

ಮೊದಲನೆಯದು, ಆತ ಯಾರ ಪರ? ಬಾಲಕನ ಬಗ್ಗೆ ಟೇಲರ್‌ಗೆ ನಿಜವಾದ ಮಮತೆ ಇತ್ತೆಂಬುದನ್ನು ಆತ್ಮಕಥೆಯ ಓದುಗರು ಅಲ್ಲಗಳೆಯಲಾರರು. ಆದರೆ ಆತನನ್ನು ನೇಮಿಸಿದ್ದು ಬಾಲಕನಲ್ಲ. ಬಾಲಕನ ಹಿತವೂ ನೇಮಿಸಿದವರ ಹಿತವೂ ಒಂದೇ ಆಗಿರುವ ತನಕ ತೊಡಕು ಕಾಣಲಿಲ್ಲ. 1858ರಲ್ಲಿ ಅವು ಎದುರುಬದುರಾದಾಗ ‘ಅಪ್ಪಾ’ ಸೆರೆಯಾಳಿನ ಮುಂದೆ ಎರಡು ಪಾತ್ರ ಹೊತ್ತು ನಿಲ್ಲಬೇಕಾಯಿತು. ಹೆಸರು ಕೇಳಿದ ಧ್ವನಿ ತಂದೆಯದೋ, ಸರ್ಕಾರದ್ದೋ? ರಾಜರು ಆ ಗೊಂದಲಕ್ಕೆ ತಮ್ಮ ಮಟ್ಟಿಗೆ ಉತ್ತರ ಕಂಡುಕೊಂಡಿದ್ದರು. ಅವರು ಹೆಸರು ಹೇಳಲಿಲ್ಲ.

ಇಂದಿನ ನೀತಿ ಸಂಹಿತೆಗಳು ಇದನ್ನು ‘ಹಿತಾಸಕ್ತಿ ಸಂಘರ್ಷ’ ಎಂದು ಗುರುತಿಸುತ್ತವೆ. ಉದಾಹರಣೆಗೆ, ಕಂಪನಿಯೊಂದು ತನ್ನ ವ್ಯವಸ್ಥಾಪಕರೊಬ್ಬರಿಗೆ ಕೋಚ್ ನೇಮಿಸುತ್ತದೆ ಎಂದುಕೊಳ್ಳೋಣ. ಶುಲ್ಕ ಕಂಪನಿಯದು, ಮಾತುಕತೆ ವ್ಯವಸ್ಥಾಪಕರದು. ಕೆಲಸ ಬಿಡುವ ಯೋಚನೆಯಿದೆ ಎಂದು ಅವರು ಕೋಚ್ ಬಳಿ ಹೇಳಿಕೊಳ್ಳುತ್ತಾರೆ. ಮರುವಾರ ಮಾನವ ಸಂಪನ್ಮೂಲ ವಿಭಾಗದವರು ‘ಅವರ ಮನಸ್ಸಿನಲ್ಲೇನಿದೆ’ ಎಂದು ಕೋಚ್‌ನನ್ನು ಕೇಳುತ್ತಾರೆ. ಇಂತಹ ಸಂದರ್ಭ ಬರುವ ಮೊದಲೇ, ಯಾವ ಮಾಹಿತಿ ಯಾರಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ ಎಂಬುದನ್ನು ಮೂವರೂ ಒಪ್ಪಿರಬೇಕು ಎಂಬುದು ಐಸಿಎಫ್ ಸಂಹಿತೆಯ ಪ್ರಮುಖ ಅಂಶ.

ಒಳಿತಿನ ಹೆಸರಿನಲ್ಲಿ ಹಿಡಿತ

ಎರಡನೆಯ ಪ್ರಶ್ನೆ ಸ್ವಾತಂತ್ರ್ಯದ್ದು. ಒಬ್ಬರ ಒಳಿತಿಗಾಗಿಯೇ ಆದರೂ ಅವರ ಪರವಾಗಿ ಇನ್ನೊಬ್ಬರು ನಿರ್ಧರಿಸಬಹುದೇ? ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ ಗ್ರಂಥದಲ್ಲಿ ಇದಕ್ಕೆ ಖಚಿತ ಉತ್ತರ ಕೊಟ್ಟ. ಬೇರೆಯವರಿಗೆ ಹಾನಿಯಾಗದಂತೆ ತಡೆಯುವ ಸಂದರ್ಭ ಬಿಟ್ಟರೆ, ಪ್ರಾಪ್ತ ವಯಸ್ಕನ ಮೇಲೆ ಅವನ ಒಳಿತಿನ ಹೆಸರಿನಲ್ಲಿ ಬಲ ಪ್ರಯೋಗಿಸುವಂತಿಲ್ಲ. ಬುದ್ಧಿ ಹೇಳಬಹುದು, ಒಲಿಸಬಹುದು, ಒತ್ತಾಯಿಸಕೂಡದು. ಕೋಚಿಂಗ್‌ನಲ್ಲಿ ಕ್ಲೈಂಟ್‌ನ ಸ್ವನಿರ್ಧಾರಕ್ಕೆ ಇರುವ ಸ್ಥಾನವನ್ನು ಸಮರ್ಥಿಸಲು ಇದಕ್ಕಿಂತ ಗಟ್ಟಿಯಾದ ವಾದ ಸಿಗುವುದು ಕಷ್ಟ.

ಆದರೆ ಅದೇ ಗ್ರಂಥದಲ್ಲಿ ಮಿಲ್ ಎರಡು ವಿನಾಯಿತಿ ಇಟ್ಟ. ಒಂದು ಮಕ್ಕಳಿಗೆ, ಇನ್ನೊಂದು ತಾನು ‘ಹಿಂದುಳಿದವು’ ಎಂದು ಭಾವಿಸಿದ ಸಮಾಜಗಳಿಗೆ. ಆತ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಅಧಿಕಾರಿಯಾಗಿದ್ದ, ದೇಶೀ ಸಂಸ್ಥಾನಗಳ ಪತ್ರ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದ ಎಂಬುದು ಗಮನಾರ್ಹ. ಸುರಪುರದ ಬಾಲರಾಜ ಈ ಎರಡೂ ವಿನಾಯಿತಿಗಳೊಳಗೆ ಬೀಳುತ್ತಿದ್ದರು. ವಯಸ್ಸು ಬಂದಾಗ ಮೊದಲನೆಯದು ಕೊನೆಗೊಂಡಿತು, ಎರಡನೆಯದು ಕೊನೆಗೊಳ್ಳಲೇ ಇಲ್ಲ. ಅಧಿಕಾರ ಕೈಗೆ ಬಂದ ಮೇಲೂ ರಾಜರನ್ನು ಮೇಲ್ವಿಚಾರಣೆ ಬೇಕಾದವರಂತೆಯೇ ಕಾಣಲಾಯಿತು.

‘ಇವರಿಗೆ ತಮ್ಮ ಒಳಿತು ಇನ್ನೂ ತಿಳಿಯದು’ ಎಂಬ ಭಾವನೆ ಇಂದೂ ಮಾಯವಾಗಿಲ್ಲ. ಹಳ್ಳಿಯಿಂದ ಬಂದ ಯುವಕನಿಗೆ, ಇಂಗ್ಲಿಷ್ ಬಾರದ ಉದ್ಯೋಗಿಗೆ, ಮನೆಯಾಚೆ ದುಡಿಯಲು ಹೊರಟ ಮಹಿಳೆಗೆ ಕೋಚ್ ಮೊದಲೇ ಸಿದ್ಧವಾದ ಗುರಿಯೊಂದನ್ನು ತೊಡಿಸುವ ಅಪಾಯ ಇರುವುದು ಇಲ್ಲಿಯೇ. ಯಾದಗಿರಿಯಲ್ಲೇ ಉಳಿದು ಅಂಗಡಿ ನಡೆಸುವುದು ಆಕೆಯ ಗುರಿಯಾಗಿದ್ದರೆ, ಬೆಂಗಳೂರಿನ ಕೆಲಸವೇ ‘ಪ್ರಗತಿ’ ಎಂದು ನಂಬಿಸುವುದು ಕೋಚ್‌ನ ಕೆಲಸವಲ್ಲ.

ಗುಟ್ಟು ಯಾರದು?

ಮೂರನೆಯ ಪ್ರಶ್ನೆ ಗೋಪ್ಯತೆಯದು. ರಾಜರು ಇಪ್ಪತ್ತನಾಲ್ಕನೇ ವರ್ಷ ದಾಟಿ ಬದುಕುವುದಿಲ್ಲವೆಂದು ಜಾತಕ ಹೇಳಿತ್ತು ಎಂಬ ಸಂಗತಿ ಅರಮನೆಯ ಒಂದಿಬ್ಬರ ಹೊರತು ಟೇಲರ್‌ಗೆ ಮಾತ್ರ ತಿಳಿದಿತ್ತಂತೆ. ಆ ಗುಟ್ಟನ್ನು ಆತ ಕಾಪಾಡಿದ. ಆದರೆ ಅದೂ, ಸೆರೆಯಲ್ಲಿ ನಡೆದ ಆಪ್ತ ಮಾತುಕತೆಯೂ ಆತನ ಆತ್ಮಕಥೆಯಲ್ಲಿ ಸೇರಿದವು. ಟೇಲರ್ 1876ರಲ್ಲಿ ತೀರಿಕೊಂಡ ಬಳಿಕ, 1877ರಲ್ಲಿ ಪುಸ್ತಕ ಹೊರಬಂದಾಗ ಅನುಮತಿ ಕೊಡಲು ರಾಜರು ಇರಲಿಲ್ಲ. ತಮ್ಮ ಕಡೆಯ ಕಥೆ ಹೇಳಲೂ ಇರಲಿಲ್ಲ.

ಆ ಬರಹವಿಲ್ಲದಿದ್ದರೆ ರಾಜರ ಧೀರ ನಿಲುವು ನಮಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ ಎಂಬುದೂ ಸತ್ಯ. ಇತಿಹಾಸಕ್ಕೆ ಲಾಭವಾದದ್ದು ವೃತ್ತಿನೀತಿಗೆ ಒಪ್ಪಿಗೆಯಾಗಬೇಕೆಂದಿಲ್ಲ. ಇಂದು ಕ್ಲೈಂಟ್‌ನ ಕಥೆಯನ್ನು ಅವರ ಒಪ್ಪಿಗೆಯಿಲ್ಲದೆ ‘ಯಶೋಗಾಥೆ’ಯಾಗಿ ಜಾಲತಾಣದಲ್ಲಿ ಹಾಕುವ ಕೋಚ್ ಸಂಹಿತೆಯನ್ನು ಉಲ್ಲಂಘಿಸಿದಂತೆ. ಗೋಪ್ಯತೆಗೂ ಮಿತಿಯಿದೆ. ಜೀವಕ್ಕೆ ಅಪಾಯವಿರುವ ಸೂಚನೆ ಕಂಡಾಗ, ಕಾನೂನು ಕೇಳಿದಾಗ ಮೌನ ಮುರಿಯಬೇಕಾಗುತ್ತದೆ. ಆ ಮಿತಿಯನ್ನೂ ಆರಂಭದಲ್ಲೇ ತಿಳಿಸಬೇಕು.

ಕೋಚ್ ತನ್ನ ಸಾಮರ್ಥ್ಯದ ಗಡಿ ತಿಳಿದಿರಬೇಕೆಂಬುದು ಇದಕ್ಕೆ ಅಂಟಿಕೊಂಡ ನಿಯಮ. ಖಿನ್ನತೆ, ವ್ಯಸನ, ಆತ್ಮಹತ್ಯೆಯ ಯೋಚನೆಗಳು ಕೋಚಿಂಗ್‌ನ ವಿಷಯಗಳಲ್ಲ. ಅಂತಹವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದು ಕರ್ತವ್ಯ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕಾನೂನು ಎಲ್ಲಿದೆ?

ವಕೀಲರಿಗೆ ವಕೀಲರ ಪರಿಷತ್ತಿದೆ, ವೈದ್ಯರಿಗೆ ವೈದ್ಯಕೀಯ ಆಯೋಗವಿದೆ. ಭಾರತದಲ್ಲಿ ‘ಕೋಚ್’ ಎಂದು ಫಲಕ ತೂಗುಹಾಕಲು ಯಾವ ಪರವಾನಗಿಯೂ ಬೇಕಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, ಹದಿನಾರು ವರ್ಷದೊಳಗಿನವರ ದಾಖಲಾತಿ ನಿಷೇಧವೂ ಸೇರಿದಂತೆ, ಪರೀಕ್ಷಾ ತರಬೇತಿ ಕೇಂದ್ರಗಳನ್ನು ಕುರಿತದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯ ಗಮನವೂ ಅಂತಹ ಕೇಂದ್ರಗಳ ಮೇಲೆಯೇ ಇದೆ.

ಹೀಗಾಗಿ ವೃತ್ತಿಪರ ಕೋಚಿಂಗ್‌ನಲ್ಲಿ ನಡೆಯುತ್ತಿರುವುದು ಮುಖ್ಯವಾಗಿ ಸ್ವನಿಯಂತ್ರಣ. ಐಸಿಎಫ್ ಮೂರು ಹಂತದ ಮಾನ್ಯತೆ ನೀಡುತ್ತದೆ. ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಅನುಭವ ಬೇಕು. ಪಿಸಿಸಿಗೆ ಇದು ಕ್ರಮವಾಗಿ 125 ಮತ್ತು 500 ಗಂಟೆ. ಎಂಸಿಸಿಗೆ 200 ಮತ್ತು 2,500 ಗಂಟೆ. ಸಂಹಿತೆ ಉಲ್ಲಂಘನೆಯ ದೂರುಗಳನ್ನು ಒಕ್ಕೂಟ ಪರಿಶೀಲಿಸುತ್ತದೆ. ಆದರೆ ಅದರ ಕೈ ಚಾಚುವುದು ಅದಕ್ಕೆ ಬದ್ಧರಾದವರ ಮಟ್ಟಿಗೆ ಮಾತ್ರ. ಉಳಿದವರ ವಿಷಯದಲ್ಲಿ ಹಣ ತೆತ್ತವರಿಗೆ ಇರುವ ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸೇವಾಲೋಪ ಕಂಡರೆ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು.

ಶುಲ್ಕ ಕಟ್ಟುವ ಮುನ್ನ ಕೇಳಿ

* ತರಬೇತಿ ಎಲ್ಲಿ ಪಡೆದಿದ್ದೀರಿ, ಯಾವ ನೀತಿ ಸಂಹಿತೆಗೆ ಬದ್ಧರಾಗಿದ್ದೀರಿ?

* ಒಪ್ಪಂದ ಬರಹದಲ್ಲಿದೆಯೇ? ಅವಧಿ, ಶುಲ್ಕ, ಮರುಪಾವತಿಯ ನಿಯಮಗಳೇನು?

* ಆಡಿದ ಮಾತು ಯಾರಿಗೆ ತಲುಪುತ್ತದೆ? ಬೇರೊಬ್ಬರು ಶುಲ್ಕ ಕಟ್ಟುತ್ತಿದ್ದರೆ ಅವರಿಗೆ ಏನು ತಿಳಿಸುತ್ತೀರಿ?

* ಮಧ್ಯದಲ್ಲಿ ನಿಲ್ಲಿಸಬಹುದೇ? (ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ಕ್ಲೈಂಟ್‌ನದು.)

* ಫಲಿತಾಂಶದ ಭರವಸೆ ಕೊಡುತ್ತೀರಾ? (‘ಖಚಿತ’ ಎಂದರೆ ಎಚ್ಚರ ವಹಿಸಿ.)

ಈ ಪ್ರಶ್ನೆಗಳನ್ನು ಕೇಳಿದ್ದಕ್ಕೆ ಬೇಸರಪಡುವ ಕೋಚ್‌ನಿಂದ ದೂರ ಉಳಿಯುವುದು ಲೇಸು. ಮಮತೆ ಇದ್ದ ಮಾತ್ರಕ್ಕೆ ಮಾರ್ಗದರ್ಶಕ ಸಂಪೂರ್ಣವಾಗಿ ನಮ್ಮ ಪರ ಎಂದು ನಂಬಲಾಗದು ಎಂಬುದಕ್ಕೆ ಟೇಲರ್‌ನ ಪ್ರಸಂಗವೇ ಸಾಕ್ಷಿ. ಸುರಪುರದ ಬಾಲರಾಜನಿಗೆ ತನ್ನ ‘ಅಪ್ಪಾ’ನನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ, ಷರತ್ತು ವಿಧಿಸುವ ಹಕ್ಕೂ ಇರಲಿಲ್ಲ. ಇಂದು ಕೋಚ್‌ನ ಬಾಗಿಲು ತಟ್ಟುವವರಿಗೆ ಎರಡೂ ಇವೆ. ಅವನ್ನು ಮೊದಲ ದಿನವೇ ಬಳಸಿಕೊಳ್ಳಬೇಕು.